ಆರತಕ್ಷತೆಯ ಕ್ಯೂ, ಊಟದ ಪಂಕ್ತಿ, ಮುಹೂರ್ತ: ಛತ್ರದ ಮದುವೆಯಲ್ಲಿ ಸೌಂಡು-ಲೈಟಿನ ಲೆಕ್ಕ

ಆರತಕ್ಷತೆಗೆ 800 ಜನ ಬರುತ್ತಾರೆ ಅಂತ ಇಟ್ಟುಕೊಳ್ಳೋಣ. ಒಬ್ಬೊಬ್ಬರೇ ಬರುವುದಿಲ್ಲ, ಸಂಸಾರ ಸಮೇತ ಬರುತ್ತಾರೆ. ಮೂರು-ನಾಲ್ಕು ಜನಕ್ಕೆ ಒಂದು ಗುಂಪು ಎಂದರೂ ಸುಮಾರು 230 ಗುಂಪುಗಳಾದವು. ಮೆಟ್ಟಿಲು ಹತ್ತಿ, ಕೈಕುಲುಕಿ, ಕವರ್ ಕೊಟ್ಟು, ‘ಇವರು ನಮ್ಮ ಆಫೀಸಿನವರು’ ಎಂದು ಪರಿಚಯ ಮಾಡಿಸಿ, ಫೋಟೋಗೆ ನಿಂತು, ಆ ಕಡೆಯಿಂದ ಇಳಿಯಲು ಒಂದು ಗುಂಪಿಗೆ 40 ಸೆಕೆಂಡು ಹಿಡಿದರೂ ಒಟ್ಟು ಎರಡೂವರೆ ಗಂಟೆ ದಾಟುತ್ತದೆ. ಕಾರ್ಡಿನಲ್ಲಿ ಆರೂವರೆ ಎಂದಿದ್ದರೂ ಹುಡುಗಿಯ ಮೇಕಪ್ ಮುಗಿಯುವಾಗ ಏಳಾಗಿರುತ್ತದೆ. ಅಂದರೆ ಒಂಬತ್ತೂವರೆಯವರೆಗೆ ಆ ವೇದಿಕೆ ಕ್ಯೂನಲ್ಲಿ ನಿಂತವರದ್ದು. ಹತ್ತಕ್ಕೆ ಮೈಕು ಬಂದ್ ಮಾಡಬೇಕು. ಹಾಗಿದ್ದರೆ ಹುಡುಗನ ಗೆಳೆಯರು ತಿಂಗಳಿಂದ ಪ್ರಾಕ್ಟೀಸ್ ಮಾಡಿರುವ ಡ್ಯಾನ್ಸು ಯಾವಾಗ?

ಈ ಪ್ರಶ್ನೆಯನ್ನು ಬುಕಿಂಗ್ ದಿನ ಯಾರೂ ಕೇಳುವುದಿಲ್ಲ. ಈವೆಂಟ್ ಕಂಪನಿಯವರು ತೋರಿಸುವ ಪ್ಯಾಕೇಜಿನಲ್ಲಿ ಎಲ್‌ಇಡಿ ವಾಲ್ ಇಷ್ಟಡಿ, ಶಾರ್ಪಿ ಲೈಟು ಇಷ್ಟು, ಡಿಜೆ ಒಬ್ಬ, ಆಂಕರ್ ಒಬ್ಬರು ಎಂಬ ಪಟ್ಟಿ ಇರುತ್ತದೆ, ಗಡಿಯಾರ ಇರುವುದಿಲ್ಲ. ಆ ಪಟ್ಟಿ ಹುಟ್ಟಿದ್ದು ಉತ್ತರದ ಸಂಗೀತ್ ಸಂಜೆಗಳಿಗೆ. ಅಲ್ಲಿ ಜನ ಕೂತು ನೋಡುತ್ತಾರೆ, ವೇದಿಕೆ ಕುಣಿಯುವವರಿಗೆ ಮೀಸಲು. ನಮ್ಮ ಛತ್ರದ ಆರತಕ್ಷತೆಯಲ್ಲಿ ಜನ ನಡೆಯುತ್ತಲೇ ಇರುತ್ತಾರೆ: ಬಾಗಿಲಿಂದ ಕ್ಯೂಗೆ, ಕ್ಯೂನಿಂದ ಊಟಕ್ಕೆ, ಊಟದಿಂದ ತಾಂಬೂಲಕ್ಕೆ. ಕೂತಿರುವವರೂ ವೇದಿಕೆ ನೋಡುವುದಕ್ಕಿಂತ ಪಕ್ಕದವರ ಜೊತೆ ಮಾತಾಡುವುದೇ ಹೆಚ್ಚು. ಹತ್ತು ವರ್ಷಗಳ ನಂತರ ಸಿಕ್ಕ ಚಿಕ್ಕಪ್ಪನ ಮಗಳ ಜೊತೆ ಮಾತಾಡುವುದಕ್ಕೇ ಅವರು ಬಂದಿರುವುದು. ಆದ್ದರಿಂದ ಮನರಂಜನೆಯನ್ನು ಕ್ಯೂ, ಪಂಕ್ತಿ, ಮುಹೂರ್ತ ಈ ಮೂರರ ಸುತ್ತ ಕೂರಿಸಬೇಕೇ ಹೊರತು ಅವುಗಳ ಮೇಲೆ ಹೇರಬಾರದು. ಸಾಮಾನು ಎಷ್ಟು ಬೇಕು ಎಂಬುದು ಆಮೇಲಿನ ಮಾತು.

ಡ್ಯಾನ್ಸಿಗೆ ದಾರಿ ಎರಡೇ. ಒಂದು, ಕ್ಯೂ ಬಿಡುವ ಮೊದಲಿನ ಅರ್ಧ ಗಂಟೆ. ಆಗ ಸಭಾಂಗಣದಲ್ಲಿ ಇರುವುದು ಮನೆಯವರು ಮತ್ತು ಹತ್ತಿರದವರು, ನಿಜವಾಗಿ ನೋಡುವ ಆಸೆ ಇರುವವರೂ ಅವರೇ. ಹುಡುಗ-ಹುಡುಗಿಯ ಎಂಟ್ರಿ, ಎರಡು ಡ್ಯಾನ್ಸು, ಒಂದು ಹಾಡು, ಅಷ್ಟಕ್ಕೆ ನಿಲ್ಲಿಸಿ ಕ್ಯೂ ಬಿಡಿ. ಎರಡು, ಹಿಂದಿನ ದಿನ ಮೆಹೆಂದಿಯನ್ನೋ ಅರಿಶಿನದ ಶಾಸ್ತ್ರವನ್ನೋ ಮನೆ ಮುಂದಿನ ಶಾಮಿಯಾನದಲ್ಲಿ ಇಟ್ಟುಕೊಂಡು ಕುಣಿತವನ್ನೆಲ್ಲ ಅಲ್ಲಿಗೆ ಒಯ್ಯುವುದು. ಕ್ಯೂ ಮಧ್ಯದಲ್ಲಿ ‘ಹತ್ತೇ ನಿಮಿಷ’ ಎಂದು ಜನರನ್ನು ತಡೆದು ಕುಣಿಸುವ ಮೂರನೆಯ ದಾರಿಯನ್ನು ದಯವಿಟ್ಟು ಹಿಡಿಯಬೇಡಿ. ಮೆಟ್ಟಿಲ ಮೇಲೆ ಗಿಫ್ಟು ಹಿಡಿದು ನಿಂತ ಹಿರಿಯರ ಮಂಡಿ ನೋವು ಯಾವ ಆಂಕರಿಗೂ ಕಾಣುವುದಿಲ್ಲ.

ಇನ್ನು ಆರ್ಕೆಸ್ಟ್ರಾ, ಸುಗಮ ಸಂಗೀತ ಅಥವಾ ಕೊಳಲು-ಪಿಟೀಲಿನ ವಾದ್ಯಗೋಷ್ಠಿ. ಇವಕ್ಕೆ ಪ್ರತ್ಯೇಕ ಪುಟ್ಟ ವೇದಿಕೆ ಬೇಕು. ಇಬ್ಬರು ಗಾಯಕರು, ಕೀಬೋರ್ಡು, ತಬಲಾ, ರಿದಂ ಪ್ಯಾಡು, ಕೊಳಲು ಇಷ್ಟಕ್ಕೆ 8 ಅಡಿಗೆ 16 ಅಡಿ, ಒಂದೂವರೆ ಅಡಿ ಎತ್ತರ ಸಾಕು. ಎಲ್ಲಿ ಹಾಕಿಸುತ್ತೀರಿ ಎಂಬುದೇ ಮುಖ್ಯ. ಕ್ಯೂ ಸಾಗುವ ಗೋಡೆಯ ಬದಿ ಬೇಡ, ಊಟದ ಹಾಲಿನ ಬಾಗಿಲ ಎದುರು ಮೊದಲೇ ಬೇಡ. ಜನ ಕ್ಯೂ ಮುಗಿಸಿ ಇಳಿದು ಕುರ್ಚಿಗೆ ಬರುವ ಬದಿಯಲ್ಲಿ, ಮುಖ್ಯ ವೇದಿಕೆಯಿಂದ ಸ್ವಲ್ಪ ದೂರಕ್ಕೆ ಇದ್ದರೆ ಹಾಡು ಕೇಳುವವರು ಅಲ್ಲೇ ಕೂರುತ್ತಾರೆ, ಬೇಡದವರು ಹಿಂದೆ ಹೋಗುತ್ತಾರೆ.

ಸೌಂಡಿನ ವಿಷಯದಲ್ಲಿ ನಮ್ಮ ಛತ್ರಗಳ ಕಟ್ಟಡವೇ ಅರ್ಧ ವೈರಿ. ನೆಲ ಗ್ರಾನೈಟು, ಚಾವಣಿ ಆರ್‌ಸಿಸಿ, ಗೋಡೆ ಬೋಳು ಸಿಮೆಂಟು. ಮೂರೂ ಶಬ್ದವನ್ನು ಹೀರಿಕೊಳ್ಳದೆ ಹಿಂದಕ್ಕೆ ಎಸೆಯುತ್ತವೆ. ವೇದಿಕೆಯ ಎರಡೂ ಬದಿ ಆಳೆತ್ತರದ ಬಾಕ್ಸು ನಿಲ್ಲಿಸಿ ವಾಲ್ಯೂಮ್ ಏರಿಸಿದರೆ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಳ್ಳುತ್ತಾರೆ, ಹಿಂದಿನ ಸಾಲಿಗೆ ಗುಂಯ್ ಎನ್ನುವುದಷ್ಟೇ ಕೇಳುತ್ತದೆ. ದೊಡ್ಡ ಬಾಕ್ಸುಗಳ ಬದಲು ಚಿಕ್ಕ ಬಾಕ್ಸುಗಳನ್ನು ಕಂಬಕ್ಕೊಂದರಂತೆ ಹಾಲಿನ ಉದ್ದಕ್ಕೂ ಹಾಕಿಸಿ ಎಲ್ಲವನ್ನೂ ತಗ್ಗಿಸಿ ಇಡುವುದು ಸರಿಯಾದ ಕ್ರಮ. ಬಯಲಲ್ಲಿ ಬಾಕ್ಸಿನಿಂದ ದೂರ ಎರಡು ಪಟ್ಟಾದಾಗ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಬಾಕ್ಸು ಹತ್ತಿರವೇ ಇದ್ದರೆ ಕೂಗಿಸುವ ಅಗತ್ಯವೇ ಬೀಳದು. ಒಂದು ಎಚ್ಚರಿಕೆ: ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 34 ಮೀಟರ್ ಉದ್ದದ ಹಾಲಿನಲ್ಲಿ ವೇದಿಕೆಯ ಬಾಕ್ಸಿನ ಮಾತು ಹಿಂದಿನ ಗೋಡೆ ಮುಟ್ಟಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು, ತಂತಿಯಲ್ಲಿ ಹೋದದ್ದು ಹಿಂದಿನ ಬಾಕ್ಸಿನಲ್ಲಿ ಆಗಲೇ ಬಂದಿರುತ್ತದೆ. ಹಿಂದೆ ಕೂತವರಿಗೆ ಒಂದೇ ಮಾತು ಎರಡೆರಡು ಸಲ ಕೇಳುತ್ತದೆ. ಹಿಂದಿನ ಬಾಕ್ಸುಗಳಿಗೆ ‘ಡಿಲೇ’ ಹಾಕಿ ಇದನ್ನು ಸರಿಪಡಿಸುತ್ತಾರೆ. ‘ಡಿಲೇ ಹಾಕ್ತೀರಾ?’ ಎಂದು ಕೇಳಿ ನೋಡಿ. ಬರುವ ಉತ್ತರದಲ್ಲೇ ಸೌಂಡಿನವರ ಕಸುಬು ಗೊತ್ತಾಗುತ್ತದೆ. ನಾನೂರು ಕುರ್ಚಿಯ ಹಾಲಿಗೆ ಲೈನ್ ಅರೇ (ಒಂದರ ಕೆಳಗೊಂದು ಜೋಡಿಸಿದ ಬಾಕ್ಸುಗಳ ಸಾಲು) ತಂದು ತೂಗಿಹಾಕುವುದು ಬಹುಮಟ್ಟಿಗೆ ಶೋಕಿ.

ಹಾಡಿನ ಸದ್ದು ಏರಿದಷ್ಟೂ ಜನ ತಮಗೇ ತಿಳಿಯದಂತೆ ದನಿ ಏರಿಸುತ್ತಾರೆ. ಫ್ರಾನ್ಸಿನ ವೈದ್ಯ ಎತ್ಯೇನ್ ಲೊಂಬಾರ್ 1911ರಲ್ಲಿ ಪ್ರಕಟಿಸಿದ ಸಂಗತಿ ಇದು, ಅವರ ಹೆಸರಲ್ಲೇ ಕರೆಯುತ್ತಾರೆ. ಜನರ ಗದ್ದಲ ಜಾಸ್ತಿಯಾಯಿತೆಂದು ಮಿಕ್ಸರಿನವನು ಇನ್ನಷ್ಟು ಏರಿಸುತ್ತಾನೆ, ಜನ ಇನ್ನಷ್ಟು ಕೂಗುತ್ತಾರೆ. ಎಂಟೂವರೆ ಹೊತ್ತಿಗೆ ಹಾಲಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಹಾಲಿನ ನಡುವೆ ಕೂತ ಇಬ್ಬರು ಕೂಗದೆ ಮಾತಾಡುವಂತಿರಬೇಕು; ಈ ಅಳತೆಯನ್ನು ಸೌಂಡಿನವರಿಗೆ ಮೊದಲೇ ಹೇಳಿಡಿ. ಸೌಂಡ್ ಚೆಕ್ ಖಾಲಿ ಹಾಲಿನಲ್ಲಿ ನಡೆಯುವುದರಿಂದ ಆಗ ಪ್ರತಿಧ್ವನಿ ಹೆಚ್ಚೇ ಇರುತ್ತದೆ; ಜನ ತುಂಬಿದ ಮೇಲೆ ಅವರ ಮೈ, ರೇಷ್ಮೆ ಸೀರೆಗಳೇ ಒಂದಿಷ್ಟು ಹೀರಿಕೊಳ್ಳುತ್ತವೆ. ಹಾಗಾಗಿ ಏಳೂವರೆಗೆ ಇನ್ನೊಮ್ಮೆ ಸರಿಮಾಡಿಸಬೇಕು.

ಮಾರನೆಯ ಬೆಳಗಿನ ಲೆಕ್ಕವೇ ಬೇರೆ. ಮುಹೂರ್ತ 9:15ಕ್ಕೆ ಎಂದಿದ್ದರೆ ಅದು 9:15ಕ್ಕೇ. ಸಂಜೆ ಅರ್ಧ ಗಂಟೆ ತಡವಾದರೆ ನಗುತ್ತಾ ಸುಧಾರಿಸಬಹುದು, ಬೆಳಿಗ್ಗೆ ಆಗದು. ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬನ್ನಿ. ಆರು ಗಂಟೆಗೆ ಪುರೋಹಿತರ ಮೈಕು ರೆಡಿ ಇರಬೇಕು. ಐದಕ್ಕೆ ಮಂಟಪದ ಹೂವಿನ ಕೆಲಸ ಮುಗಿದಿರಬೇಕು. ಅದಕ್ಕೆ ರಾತ್ರಿ ಹನ್ನೊಂದಕ್ಕಾದರೂ ಆರತಕ್ಷತೆಯ ಸೋಫಾ, ಬ್ಯಾಕ್‌ಡ್ರಾಪು, ಎಲ್‌ಇಡಿ ವಾಲು ಇಳಿಯಬೇಕು. ಡೆಕೊರೇಷನ್ನಿನವರು ಮಲ್ಲಿಗೆ, ಸೇವಂತಿಗೆ, ಬಾಳೆಕಂದು ಕಟ್ಟುವುದು ರಾತ್ರಿ ಹನ್ನೊಂದರಿಂದ ನಸುಕಿನ ನಾಲ್ಕರವರೆಗಿನ ಆ ಹೊತ್ತಿನಲ್ಲಿ. ಆರತಕ್ಷತೆ ಒಂದು ಗಂಟೆ ಎಳೆದರೆ ಬೆಳಿಗ್ಗೆ ಮಂಟಪದ ಒಂದು ಕಂಬ ಬೋಳಾಗಿ ನಿಂತಿರುತ್ತದೆ. ಲೈಟಿನವರೂ ಡೆಕೊರೇಷನ್ನಿನವರೂ ಬೇರೆ ಬೇರೆ ಕಡೆಯವರಾದರೆ ಯಾರು ಮೊದಲು ಇಳಿಸಬೇಕು ಎಂದು ಇಬ್ಬರನ್ನೂ ಎದುರು ಕೂರಿಸಿ ಮಾತಾಡಿಸಿ. ಲೈಟು ಕಟ್ಟಿದ ಟ್ರಸ್ ಇಳಿಯದೆ ಹೂವು ಏರುವುದಿಲ್ಲ.

ವಾಲಗದವರ ವಿಷಯಕ್ಕೆ ಬರೋಣ. ಎರಡು ನಾದಸ್ವರ, ಎರಡು ಡೋಲು, ಶ್ರುತಿ, ತಾಳ ಇದ್ದರೆ ಒಳ್ಳೆಯ ಮೇಳ. ದೇವಸ್ಥಾನದ ಬಯಲಿಗೆಂದೇ ಬೆಳೆದ ವಾದ್ಯ ಇದು, ಹಾಲಿನೊಳಗೆ ಮೈಕೇ ಬೇಡ. ಆದರೂ ಬಹಳಷ್ಟು ಕಡೆ ನಾದಸ್ವರದ ಬಾಯಿಗೇ ಮೈಕು ಹಿಡಿಸಿ ಮಂತ್ರ ಮುಳುಗಿಸುತ್ತಾರೆ. ಮೈಕು ಬೇಕಾದದ್ದು ಪುರೋಹಿತರಿಗೆ. ಅವರು ಅಂಗಿ ಹಾಕಿರುವುದಿಲ್ಲ, ಕಾಲರ್ ಮೈಕನ್ನು ಶಲ್ಯಕ್ಕೆ ಸಿಕ್ಕಿಸಿದರೆ ಹೋಮಕ್ಕೆ ಬಗ್ಗಿದಾಗಲೆಲ್ಲ ಜಾರುತ್ತದೆ, ಬಟ್ಟೆಯ ಸರಸರ ಹಾಲಿಗೆಲ್ಲ ಕೇಳುತ್ತದೆ. ಕಿವಿಗೆ ಸಿಕ್ಕಿಸುವ ಹೆಡ್‌ಸೆಟ್ ಮೈಕು ವಾಸಿ. ಕಾರ್ಡ್‌ಲೆಸ್ ಆದರೆ ಬೆಳಿಗ್ಗೆ ಹೊಸ ಸೆಲ್ ಹಾಕಿಸಿ, ಪಕ್ಕದಲ್ಲಿ ವೈರಿನ ಮೈಕೊಂದು ಇರಲಿ. ಒಂದೇ ಕಟ್ಟಡದಲ್ಲಿ ಮೇಲೊಂದು ಕೆಳಗೊಂದು ಮದುವೆ ಇದ್ದರೆ ಎರಡೂ ಕಡೆಯ ಕಾರ್ಡ್‌ಲೆಸ್ ಒಂದೇ ಫ್ರೀಕ್ವೆನ್ಸಿಯಲ್ಲಿ ಸಿಕ್ಕಿಬೀಳುವುದುಂಟು. ಮೇಲಿನವರ ಕನ್ಯಾದಾನ ಕೆಳಗೆ ಕೇಳಿಸುತ್ತದೆ.

ವಾಲಗದವರನ್ನು ಎಲ್ಲಿ ಕೂರಿಸುತ್ತೀರಿ ಎಂಬುದನ್ನು ಡೆಕೊರೇಷನ್ ನಕ್ಷೆ ಹಾಕುವಾಗಲೇ ತೀರ್ಮಾನಿಸಿ. ಸಾಮಾನ್ಯವಾಗಿ ಉಳಿದ ಮೂಲೆಗೆ, ಹೂವಿನ ಕಂಬದ ಹಿಂದೆ ತಳ್ಳುತ್ತಾರೆ. ಅಲ್ಲಿಂದ ಪುರೋಹಿತರು ಕಾಣುವುದಿಲ್ಲ. ಅಂತರಪಟ ಸರಿದು ಮಾಂಗಲ್ಯ ಎತ್ತಿದ ಗಳಿಗೆಗೆ ಪುರೋಹಿತರು ಕೈ ಮೇಲೆತ್ತಿ ‘ಗಟ್ಟಿಮೇಳ’ ಎನ್ನುತ್ತಾರೆ, ಡೋಲು ಒಂದೇ ಸಮನೆ ಏರಬೇಕು. ಡೋಲಿನವನ ಕಣ್ಣು ಪುರೋಹಿತರ ಕೈ ಮೇಲೆ, ಮಿಕ್ಸರಿನವನ ಕೈ ಪುರೋಹಿತರ ಮೈಕಿನ ಗುಂಡಿಯ ಮೇಲೆ. ಆ ಅರ್ಧ ನಿಮಿಷಕ್ಕೆ ಸಿನಿಮಾ ಹಾಡು ಹಾಕಿ ಎಂದು ಕೇಳುವ ವಿಡಿಯೋದವರು ಈಗ ಬಂದಿದ್ದಾರೆ. ಬೇಕಾದರೆ ಎಡಿಟಿಂಗ್‌ನಲ್ಲಿ ಹಾಕಿಕೊಳ್ಳಲಿ.

ಮೇಳ ಊರಿಂದ ಊರಿಗೆ ಬೇರೆ. ಕರಾವಳಿಯಲ್ಲಿ ಮದುವೆಗೆ ಸ್ಯಾಕ್ಸೋಫೋನ್ ಇರುವುದೇ ವಾಡಿಕೆ. ಕದ್ರಿ ಗೋಪಾಲನಾಥರು (1949–2019) ಆ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೇಲೆ ನಾದಸ್ವರದ ಜಾಗದಲ್ಲೇ ಅದು ಕೂತುಬಿಟ್ಟಿದೆ. ಉತ್ತರ ಕರ್ನಾಟಕದಲ್ಲಿ ಸನಾದಿ, ಹಲಗಿ, ಕರಡಿ ಮಜಲು. ದಿಬ್ಬಣ ಬರುವಾಗ ಡೊಳ್ಳು ಕುಣಿತ, ವೀರಗಾಸೆ, ಚೆಂಡೆ ಕರೆಸುವುದು ಈಗ ಬೆಂಗಳೂರಿನ ಮದುವೆಗಳಲ್ಲೂ ಸಾಮಾನ್ಯ. ಒಳ್ಳೆಯದೇ, ಆದರೆ ಇವು ಬಯಲಿನ ಕಲೆಗಳು. ಗೇಟಿನಿಂದ ಹಾಲಿನ ಬಾಗಿಲವರೆಗೆ ಹದಿನೈದು ನಿಮಿಷ ಕುಣಿದು ಅಲ್ಲೇ ನಿಲ್ಲಲಿ. ಡೊಳ್ಳನ್ನು ಹಾಲಿನೊಳಗೆ ತಂದರೆ ಕೂಸುಗಳು ಕಿರುಚುತ್ತವೆ. ತಂಡದವರಿಗೆ ಬಟ್ಟೆ ಬದಲಿಸಲು ಕೋಣೆ ಯಾವುದು, ಊಟ ಮೊದಲ ಪಂಕ್ತಿಯಲ್ಲೋ ಕೊನೆಯಲ್ಲೋ ಎಂಬುದನ್ನು ಒಪ್ಪಂದದ ದಿನವೇ ಹೇಳಿಬಿಡಿ. ಕಲಾವಿದರನ್ನು ಕೊನೆಗೆ ‘ಪಾಯಸ ಖಾಲಿ’ ಎಂದು ಕಳಿಸುವುದು ನಾವು ಮಾಡುವ ದೊಡ್ಡ ಅಸಭ್ಯತನ.

ಲೈಟಿಗೆ ಸಂಬಂಧಿಸಿ ಒಂದೇ ಮಾತಲ್ಲಿ ಮುಗಿಸಬಹುದಿತ್ತು: ಮುಖದ ಮೇಲೆ ಬಿಳಿ, ಹಿನ್ನೆಲೆಗೆ ಬಣ್ಣ. ನೀಲಿ-ನೇರಳೆ ಪಾರ್ ಲೈಟನ್ನು ನೇರ ಹುಡುಗಿಯ ಮೇಲೆ ಬಿಟ್ಟರೆ ಕೆಂಪು ರೇಷ್ಮೆ ಸೀರೆ ಕಪ್ಪಾಗಿ ಕಾಣುತ್ತದೆ. ನೀಲಿ ಬೆಳಕಿನಲ್ಲಿ ಕೆಂಪು ಬಟ್ಟೆ ಮರಳಿಸಲು ಕೆಂಪು ಇರುವುದೇ ಇಲ್ಲವಲ್ಲ. ಎಲ್‌ಇಡಿ ವಾಲಿನದ್ದು ಇನ್ನೊಂದು ತಾಪತ್ರಯ. ಪಿ3, ಪಿ4 ಎಂದು ಹೇಳುವ ಸಂಖ್ಯೆ ಎರಡು ಚುಕ್ಕೆಗಳ ನಡುವಿನ ದೂರ, ಮಿಲಿಮೀಟರಿನಲ್ಲಿ. ಪಿ3 ಎಂದರೆ ಕನಿಷ್ಠ ಮೂರು ಮೀಟರ್ ದೂರದಿಂದ ನೋಡಿದರೆ ಚಿತ್ರ ಕೂಡಿಕೊಳ್ಳುತ್ತದೆ ಎಂಬುದು ರೂಢಿಯ ಲೆಕ್ಕ. ಹುಡುಗ-ಹುಡುಗಿಯ ಬೆನ್ನ ಹಿಂದೆಯೇ ವಾಲ್ ನಿಲ್ಲಿಸಿ ಪೂರಾ ಬೆಳಗಿಸಿದರೆ ಫೋಟೋದಲ್ಲಿ ಮುಖ ಕಪ್ಪು, ಹಿಂದೆ ಗೆರೆಗೆರೆ. ಹೊಳಪನ್ನು ಕಾಲುಭಾಗಕ್ಕೂ ಕೆಳಗೆ ಇಳಿಸಿ, ಫೋಟೋಗ್ರಾಫರನ್ನು ನಿಲ್ಲಿಸಿ ಒಂದು ಕ್ಲಿಕ್ ಮಾಡಿಸಿ ನೋಡಿ. ನನ್ನ ಮಟ್ಟಿಗೆ ವಾಲ್ ಬೇಕಿರುವುದು ಬೆಳಿಗ್ಗೆ: ಮಂಟಪದ ಸುತ್ತ ಕ್ಯಾಮೆರಾದವರು ಕೋಟೆ ಕಟ್ಟಿ ನಿಂತಾಗ ಹಿಂದಿನ ಸಾಲಿನವರಿಗೆ ಧಾರೆ ಕಾಣುವುದು ಪರದೆಯ ಮೇಲೆ ಮಾತ್ರ. ವೇದಿಕೆಯ ಹಿಂದಿನದನ್ನು ರಾತ್ರಿ ಇಳಿಸಿದ ಮೇಲೆ ಹಾಲಿನ ಪಕ್ಕದ ಗೋಡೆಗೆ ಒಂದು ಚಿಕ್ಕ ಪರದೆ ಉಳಿಸಿಕೊಳ್ಳಿ.

ಎಂಟ್ರಿಗೆ ಹೊಗೆ ಮತ್ತು ಕಿಡಿ ಈಗ ಕಡ್ಡಾಯವೆಂಬಂತಾಗಿದೆ. ನೆಲದ ಮೇಲೆ ಮೋಡದಂತೆ ಹರಿಯುವುದು ಬಹುಪಾಲು ಡ್ರೈ ಐಸಿನದ್ದು, ಅಂದರೆ ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್. ಮೈನಸ್ 78 ಡಿಗ್ರಿ ತಂಪು, ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಡುತ್ತದೆ. ಆ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ಕೂರುತ್ತದೆ. ಕಿಟಕಿ ಮುಚ್ಚಿದ ಎಸಿ ಹಾಲಿನಲ್ಲಿ ನೆಲದ ಮೇಲೆ ಆಡುವ ಮಕ್ಕಳಿದ್ದರೆ ಇದು ಬೇಡ. ‘ಕೋಲ್ಡ್ ಪೈರೋ’ ಎನ್ನುವ ಕಿಡಿ ಯಂತ್ರದಲ್ಲಿ ಟೈಟಾನಿಯಂ, ಜಿರ್ಕೋನಿಯಂನಂಥ ಲೋಹದ ಪುಡಿ ಉರಿಯುತ್ತದೆ. ಹಾರಿ ಬೀಳುವ ಹೊತ್ತಿಗೆ ಕಿಡಿ ತಣಿದಿರುತ್ತದೆ ನಿಜ, ಆದರೆ ಯಂತ್ರದ ಬಾಯಿ ಕೋಲ್ಡ್ ಅಲ್ಲ. ಸೀರೆಯ ಸೆರಗು, ಥರ್ಮೋಕೋಲಿನ ಡೆಕೊರೇಷನ್, ಬಟ್ಟೆಯ ಪರದೆಗಳಿಂದ ಕೆಲವು ಅಡಿ ದೂರ ಇಡಿಸಿ, ಬಕೆಟ್ಟಿನಲ್ಲಿ ಮರಳು ಇರಲಿ. ಹೋಟೆಲಿನ ಬ್ಯಾಂಕ್ವೆಟ್ ಹಾಲಾದರೆ ಕಿಡಿ ಯಂತ್ರವಷ್ಟೇ ಅಲ್ಲ, ಹೋಮಕ್ಕೂ ಮೊದಲೇ ಅನುಮತಿ ಕೇಳಬೇಕು. ಲಾಜಾಹೋಮದ ಹೊಗೆಗೆ ಫೈರ್ ಅಲಾರಂ ಕೂಗಿಕೊಂಡರೆ ಗಟ್ಟಿಮೇಳವೂ ಅದರ ಮುಂದೆ ನಿಲ್ಲದು.

ಕರೆಂಟಿಗೆ ಬರೋಣ, ಇಲ್ಲೇ ಮದುವೆಗಳು ಮುಗ್ಗರಿಸುವುದು. ಛತ್ರದವರು ‘ಜನರೇಟರ್ ಇದೆ’ ಎನ್ನುತ್ತಾರೆ. ಎಷ್ಟು ಕೆವಿಎ ಎಂದು ಕೇಳಿ. ಆ ಸಂಖ್ಯೆಯನ್ನು 0.8ರಿಂದ ಗುಣಿಸಿದರೆ ಕಿಲೋವ್ಯಾಟ್: 62.5 ಕೆವಿಎ ಎಂದರೆ 50 ಕಿಲೋವ್ಯಾಟ್. ಅದರಲ್ಲಿ ಲಿಫ್ಟು, ನೀರಿನ ಪಂಪು, ಅಡುಗೆಮನೆಯ ಗ್ರೈಂಡರು, ಫ್ಯಾನು, ಎಸಿ ಕಳೆದರೆ ನಿಮ್ಮ ಸೌಂಡು-ಲೈಟಿಗೆ ಎಷ್ಟು ಉಳಿಯಿತು? ಸಾಲದಿದ್ದರೆ ಲೈಟಿನವರೇ ಬೇರೆ ಜನರೇಟರ್ ವ್ಯಾನು ತರುತ್ತಾರೆ, ಅದನ್ನು ಎಲ್ಲಿ ನಿಲ್ಲಿಸುವುದು, ಹೊಗೆ ಅಡುಗೆಮನೆಯ ಕಡೆ ಹೋಗುತ್ತದೆಯೇ ಎಂದು ನೋಡಿ. ಇನ್ನೊಂದು, ಕರೆಂಟು ಹೋಗಿ ಜನರೇಟರ್ ಏಳುವ ನಡುವಿನ ಹತ್ತಿಪ್ಪತ್ತು ಸೆಕೆಂಡು. ಟ್ಯೂಬ್‌ಲೈಟಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಈಗಿನ ಡಿಜಿಟಲ್ ಮಿಕ್ಸರು ಒಮ್ಮೆ ಆರಿದರೆ ಮತ್ತೆ ಎದ್ದು ಕೂರಲು ಸಮಯ ಬೇಡುತ್ತದೆ, ಎಲ್‌ಇಡಿ ವಾಲಿನ ಪ್ರೊಸೆಸರ್ ಕೂಡ. ಅದು ಮಾಂಗಲ್ಯಧಾರಣೆಯ ಹೊತ್ತೇ ಆಗಿಬಿಟ್ಟರೆ? ಮಿಕ್ಸರು, ಕಾರ್ಡ್‌ಲೆಸ್ ರಿಸೀವರು, ಪ್ರೊಸೆಸರು ಇಷ್ಟನ್ನು ಒಂದು ಯುಪಿಎಸ್ ಮೇಲೆ ಇಡಿಸಿದರೆ ಮುಗಿಯಿತು. ದೊಡ್ಡ ಖರ್ಚಿಲ್ಲ, ಆದರೆ ಕೇಳದಿದ್ದರೆ ಯಾರೂ ತರುವುದಿಲ್ಲ. ಸೀರಿಯಲ್ ಸೆಟ್ಟಿನ ವೈರು ಬಾಗಿಲ ತಗ್ಗಿನಲ್ಲಿ, ಕೈತೊಳೆಯುವ ಜಾಗದ ಒದ್ದೆಯಲ್ಲಿ ಹಾದಿದೆಯೇ ಎಂದು ಒಂದು ಸುತ್ತು ಹಾಕಿ. ಓಡಾಡುವ ದಾರಿಗೆ ಅಡ್ಡ ಬಂದ ಕೇಬಲ್‌ಗೆ ಟೇಪು ಸಾಲದು, ಮೇಲೆ ರಬ್ಬರಿನ ಮುಚ್ಚಿಗೆ ಹಾಕಿಸಿ.

ಕಾನೂನಿನ ವಿಷಯ ಜನ ಹೆದರುವಷ್ಟಿಲ್ಲ, ಉಡಾಫೆ ಮಾಡುವಷ್ಟೂ ಇಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಷೇಧ. ಮುಚ್ಚಿದ ಸಭಾಂಗಣದೊಳಗೆ ಅಲ್ಲಿಗಷ್ಟೇ ಕೇಳುವಂತೆ ಬಳಸುವುದಕ್ಕೆ ವಿನಾಯಿತಿ ಇದೆ, ಆದರೆ ಛತ್ರದ ಟೆರೇಸು, ಹಿಂದಿನ ಲಾನು ‘ಮುಚ್ಚಿದ’ ಜಾಗವಲ್ಲ. ವಸತಿ ಪ್ರದೇಶಕ್ಕೆ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತಲ 100 ಮೀಟರ್ ನಿಶ್ಶಬ್ದ ವಲಯ. ಹತ್ತಿರ ನರ್ಸಿಂಗ್ ಹೋಂ ಇದೆಯೇ ಎಂದು ಹಾಲ್ ಬುಕ್ ಮಾಡುವ ಮೊದಲೇ ನೋಡಿಕೊಳ್ಳಿ.

ಸಿನಿಮಾ ಹಾಡು ಹಾಕಲು ‘ಮ್ಯೂಸಿಕ್ ಲೈಸೆನ್ಸ್’ ತನ್ನಿ ಎಂದು ಕೆಲವು ಹೋಟೆಲುಗಳು ಪಟ್ಟು ಹಿಡಿಯುತ್ತವೆ. ಕೃತಿಸ್ವಾಮ್ಯ ಕಾಯ್ದೆಯ 52(1)(ಝಡ್‌ಎ) ವಿಧಿಯಲ್ಲಿ ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಸಾಮಾಜಿಕ ಸಮಾರಂಭಗಳಿಗೆ ವಿನಾಯಿತಿ ಇದೆ, ಕೇಂದ್ರದ ಕೈಗಾರಿಕೆ ಉತ್ತೇಜನ ಇಲಾಖೆ 2023ರ ಜುಲೈ 24ರಂದು ಸಾರ್ವಜನಿಕ ಪ್ರಕಟಣೆ ಹೊರಡಿಸಿ ಇದನ್ನು ನೆನಪಿಸಿತ್ತು. ಅದರ ಪ್ರತಿಯೊಂದನ್ನು ಫೋನಿನಲ್ಲಿ ಇಟ್ಟುಕೊಂಡಿರಿ, ಮದುವೆ ದಿನ ಕೌಂಟರಿನಲ್ಲಿ ವಾದಿಸುವ ಬದಲು ಬುಕಿಂಗ್ ದಿನವೇ ತೋರಿಸಿ ಬರೆಸಿಕೊಳ್ಳಿ. ಡ್ರೋನ್ ಹಾರಿಸುವುದಾದರೆ 2021ರ ಡ್ರೋನ್ ನಿಯಮಗಳಿವೆ. ಬೆಂಗಳೂರಿನಲ್ಲಿ ಎಚ್‌ಎಎಲ್, ಜಕ್ಕೂರು, ಯಲಹಂಕ ಅಂತ ವಾಯುನೆಲೆಗಳು ಹಲವು. ನಿಮ್ಮ ಛತ್ರ ಯಾವ ವಲಯದಲ್ಲಿದೆ ಎಂದು ‘ಡಿಜಿಟಲ್ ಸ್ಕೈ’ ನಕ್ಷೆಯಲ್ಲಿ ನೋಡಿ ಹೇಳಿ ಎಂದು ವಿಡಿಯೋದವರಿಗೇ ಒಪ್ಪಿಸಿ.

ಅಮೆರಿಕದ ಮಗಳಿಗೆ, ಮೊಣಕಾಲು ನೋವಿನ ಅತ್ತೆಗೆ ಲೈವ್ ತೋರಿಸುವ ಮನೆಗಳು ಹೆಚ್ಚಿವೆ. ಬೆಳಿಗ್ಗೆ 9:15ರ ಮುಹೂರ್ತ ಕ್ಯಾಲಿಫೋರ್ನಿಯಾದವರಿಗೆ ಹಿಂದಿನ ಸಂಜೆ ಎಂಟು-ಒಂಬತ್ತು ಗಂಟೆಗೆ ಬೀಳುತ್ತದೆ, ಹಾಯಾಗಿ ನೋಡುತ್ತಾರೆ. ಆದರೆ ಕ್ಯಾಮೆರಾದ ಮೈಕಿನ ಸದ್ದಲ್ಲಿ ಅವರಿಗೆ ಕೇಳುವುದು ಫ್ಯಾನು ಮತ್ತು ಪಕ್ಕದವರ ಹರಟೆ. ಮಿಕ್ಸರಿನಿಂದಲೇ ಒಂದು ವೈರು ಲೈವ್‌ನವರಿಗೆ ಕೊಡಿಸಿ. ಹಿಂದಿನ ರಾತ್ರಿ ಆರತಕ್ಷತೆಯ ಲೈವ್‌ನಲ್ಲಿ ಸಿನಿಮಾ ಹಾಡು ಬಂದರೆ ಯೂಟ್ಯೂಬ್ ತಡೆದು ನಿಲ್ಲಿಸುವುದುಂಟು. ಭಾರತದ ಕಾಯ್ದೆಯ ವಿನಾಯಿತಿ ಅದರ ಯಂತ್ರಕ್ಕೆ ತಿಳಿಯದು.

ದಿನ ಗೊತ್ತುಮಾಡುವಾಗಲೇ ಒಂದು ಅಂಶ ಗಮನಿಸಿ. ಆಷಾಢದಲ್ಲೂ ಧನುರ್ಮಾಸದಲ್ಲೂ ಮದುವೆ ಇಲ್ಲ. ಉಳಿದ ತಿಂಗಳ ಒಳ್ಳೆಯ ಲಗ್ನಗಳಿಗೆ ಊರೆಲ್ಲ ಮುಗಿಬೀಳುತ್ತದೆ. ಆ ದಿನ ನಿಮ್ಮ ಸೌಂಡಿನವರ ಬಳಿ ಮೂರು ಮದುವೆ ಇರುತ್ತವೆ, ಒಳ್ಳೆಯ ಆಪರೇಟರ್ ಒಬ್ಬನೇ ಇರುತ್ತಾನೆ. ಒಪ್ಪಂದದಲ್ಲಿ ಬಾಕ್ಸಿನ ಕಂಪನಿ ಹೆಸರಿಗಿಂತ ಮಿಕ್ಸರಿನಲ್ಲಿ ಕೂರುವವರ ಹೆಸರು ಬರೆಸಿಕೊಳ್ಳುವುದು ಲಾಭ. ಜೊತೆಗೆ ಸಾಮಾನು ಎಷ್ಟು ಗಂಟೆಗೆ ಬರುತ್ತದೆ, ಎಷ್ಟಕ್ಕೆ ಇಳಿಯುತ್ತದೆ, ಹಾಲು ಮೊದಲ ಮಹಡಿಯಲ್ಲಿದ್ದರೆ ಏರಿಸುವ ಕೂಲಿ ಯಾರದು, ಹತ್ತು ಗಂಟೆ ದಾಟಿದರೆ ಹೆಚ್ಚುವರಿ ಎಷ್ಟು ಎಂಬುದೂ ಅದರಲ್ಲಿರಲಿ.

ಸೌಂಡು, ಲೈಟು, ಡೆಕೊರೇಷನ್, ವಾಲಗ, ವಿಡಿಯೋ ಇವರೆಲ್ಲರ ಫೋನು ಬರಬೇಕಾದದ್ದು ಒಬ್ಬರಿಗೆ ಮಾತ್ರ. ಹುಡುಗಿಯ ತಂದೆಗಲ್ಲ, ಅವರು ಬೀಗರನ್ನು ಎದುರುಗೊಳ್ಳಬೇಕು; ಸೋದರಮಾವನಿಗೂ ಅಲ್ಲ, ಅವರಿಗೆ ಮಂಟಪದಲ್ಲಿ ಕೆಲಸವಿದೆ. ಚಿಕ್ಕಪ್ಪನ ಮಗನೋ ಮನೆಯ ಹಳೆಯ ಸ್ನೇಹಿತರೋ ಆಗಲಿ. ಹಾಲಿನ ಬೀಗದ ಕೈ ತೆಗೆದುಕೊಳ್ಳುವ ಗಳಿಗೆಯಲ್ಲೇ ಅವರು ಮ್ಯಾನೇಜರ ಜೊತೆ ಕರೆಂಟ್ ಮೀಟರಿನ ಮತ್ತು ಜನರೇಟರಿನ ಗಂಟೆ ಮೀಟರಿನ ಫೋಟೋ ತೆಗೆದಿಟ್ಟುಕೊಳ್ಳಬೇಕು. ಯೂನಿಟ್‌ಗೆ, ಡೀಸೆಲ್‌ಗೆ ಬೇರೆಯಾಗಿ ಹಣ ಕೇಳುವ ಛತ್ರಗಳಲ್ಲಿ ಮಾರನೆಯ ಮಧ್ಯಾಹ್ನ ಲೆಕ್ಕ ಮುಗಿಸಿ ಡೆಪಾಸಿಟ್ ವಾಪಸು ಪಡೆಯುವಾಗ ಕೆಲಸಕ್ಕೆ ಬರುವುದು ಆ ಎರಡು ಫೋಟೋಗಳೇ.